ಕಾಲು ಭಾಗದಲ್ಲಿ ಮಾತ್ರ ಹೊಗೆ: ಅಟ್ಲಾಂಟಿಕ್ ಸಿಟಿ ಕ್ಯಾಸಿನೊಗಳ ಮುಗಿಯದ ಜಗಳ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳಲ್ಲಿ ಸಿಗರೇಟ್ ಸೇದಬಹುದಾ, ಇಲ್ವಾ? ನ್ಯೂಜೆರ್ಸಿಯಲ್ಲೇ ಇರುವ ಕನ್ನಡಿಗರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳಬಹುದು. ಗೊಂದಲ ಆಗುವುದು ಸಹಜ. ಅಲ್ಲಿ ನಿಷೇಧ ಎರಡು ಸಲ ಬಂದಿದೆ, ಎರಡು ಸಲವೂ ಹೋಗಿದೆ. 2007ರಿಂದ ಈಚೆಗೆ ಉಳಿದ ಕಾಲವೆಲ್ಲ ಅರ್ಧಂಬರ್ಧ ನಿಯಮದಲ್ಲೇ ಕಳೆದಿದೆ.

1976ರಲ್ಲಿ ಜನ ಮತ ಹಾಕಿ ಜೂಜಿಗೆ ಒಪ್ಪಿಗೆ ಕೊಟ್ಟರು. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು. ಆಮೇಲಿನ ಸುಮಾರು ಮೂರು ದಶಕ ಇಸ್ಪೀಟು, ಸ್ಲಾಟ್ ಮಷೀನ್, ಹೊಗೆ ಎಲ್ಲ ಒಟ್ಟಿಗೇ ನಡೆದವು.

2006ರ ಏಪ್ರಿಲ್ 15ರಂದು ನ್ಯೂಜೆರ್ಸಿಯ ಹೊಗೆಮುಕ್ತ ಗಾಳಿ ಕಾಯ್ದೆ ಜಾರಿಗೆ ಬಂತು. ಕಚೇರಿ, ಹೋಟೆಲು, ಬಾರು, ಎಲ್ಲ ಕಡೆ ಸಿಗರೇಟ್ ಬಂದ್. ಕ್ಯಾಸಿನೊದ ಆಟದ ಅಂಗಳಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಕಾರಣ ದುಡ್ಡು. ಅಲ್ಲಿನ ತೆರಿಗೆ ಹಣದಿಂದ ವಯಸ್ಸಾದವರ, ಅಂಗವಿಕಲರ ಯೋಜನೆಗಳು ನಡೆಯುತ್ತವೆ. ಅದೇ ವರ್ಷ ಪಕ್ಕದ ಪೆನ್ಸಿಲ್ವೇನಿಯಾದಲ್ಲೂ ಕ್ಯಾಸಿನೊಗಳು ಶುರುವಾದವು. ಸಿಗರೇಟ್ ಸೇದುವವರು ಅತ್ತ ಹೋಗಿಬಿಟ್ಟರೆ ಎಂಬ ಭಯ ಸುಳ್ಳೇನೂ ಆಗಿರಲಿಲ್ಲ. ಆದರೆ ಪಕ್ಕದವರು ಬಿಟ್ಟ ಹೊಗೆ ಎಷ್ಟೇ ಕಡಿಮೆ ಇದ್ದರೂ ಅಪಾಯವೇ ಎಂದು ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ವರದಿ ಹೇಳಿದ್ದೂ 2006ರಲ್ಲೇ. ಗಾಳಿ ಹೊರಹಾಕುವ ಯಂತ್ರದಿಂದ ಆ ಅಪಾಯ ಪೂರ್ತಿ ಹೋಗುವುದಿಲ್ಲ ಎಂದೂ ಅದು ಹೇಳಿತ್ತು.

ಈ ಎರಡರ ನಡುವೆ ಊರಿನ ಕೌನ್ಸಿಲ್ ಒಂದು ರಾಜಿ ಮಾಡಿತು. 2007ರಿಂದ ಆಟದ ಅಂಗಳದ ಶೇ. 25ರಷ್ಟು ಜಾಗದಲ್ಲಿ ಮಾತ್ರ ಸೇದಬಹುದು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಒಂದೇ ಸೂರಿನ ಕೆಳಗೆ, ತೆರೆದ ಅಂಗಳದಲ್ಲಿ, ಕಾಲು ಭಾಗದ ಹೊಗೆ ಕಾಲು ಭಾಗದಲ್ಲೇ ನಿಲ್ಲುತ್ತದಾ? ಈ ಮಾತಿನಲ್ಲಿ ನಮ್ಮ ದೇಶದ 2008ರ ನಿಯಮ ಹೆಚ್ಚು ನೇರವಾಗಿದೆ. ದೊಡ್ಡ ಹೋಟೆಲುಗಳಲ್ಲಿ ಸೇದುವ ಕೋಣೆ ಇಡುವುದಾದರೆ ನಾಲ್ಕೂ ಕಡೆ ಪೂರ್ತಿ ಗೋಡೆ ಇರಬೇಕು, ಒಳಗೆ ಬೇರೆ ಯಾವ ಸೇವೆಯೂ ಇರಬಾರದು. ಪಾಲನೆ ಹೇಗಿದೆ ಅನ್ನುವುದು ಬೇರೆ ಮಾತು. ಆದರೆ ಹೊಗೆಯ ನಡುವೆ ಯಾರನ್ನೂ ನಿಲ್ಲಿಸಿ ಕೆಲಸ ಮಾಡಿಸಬಾರದು ಎಂಬ ಯೋಚನೆ ಅದರಲ್ಲಿದೆ.

ಅಟ್ಲಾಂಟಿಕ್ ಸಿಟಿಯಲ್ಲಿ ಕಾಣೆಯಾಗಿದ್ದು ಅದೇ ಯೋಚನೆ. ಎಲೆ ಹಂಚುವ ಡೀಲರ್ ಟೇಬಲ್ ಬಿಟ್ಟು ಕದಲುವ ಹಾಗಿಲ್ಲ. ಎದುರು ಕೂತವರು ಸೇದಿದ ಹೊಗೆ ಒಂದೆರಡು ಮೊಳ ದೂರದಿಂದ ನೇರ ಮುಖಕ್ಕೇ ಬರುತ್ತದೆ. ಆಡಲು ಬಂದವರು ಬೇಡ ಅನ್ನಿಸಿದರೆ ಎದ್ದು ಹೋಗಬಹುದು. ಡೀಲರ್‌ಗೆ ಪಾಳಿ ಮುಗಿಯಬೇಕು, ಇಲ್ಲವೇ ಬಿಡುವು ಸಿಗಬೇಕು. ಬಸುರಿಯಾಗಿದ್ದಾಗಲೂ ಇದೇ ಹೊಗೆಯಲ್ಲಿ ನಿಂತು ಕೆಲಸ ಮಾಡಿದ್ದೇವೆ ಎಂದು ಡೀಲರ್‌ಗಳು ಮುಂದೆ ಹೇಳಿಕೊಂಡರು.

2008ರ ಅಕ್ಟೋಬರ್ 15ರಂದು ಪೂರ್ತಿ ನಿಷೇಧ ಬಂತು. ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿರಲಿಲ್ಲ. ಸರಿಯಾಗಿ ಒಂದು ತಿಂಗಳ ಹಿಂದೆ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಮುಳುಗಿತ್ತು, ಜನರ ಕೈಯಲ್ಲಿ ಕಾಸಿರಲಿಲ್ಲ. ಕೌನ್ಸಿಲ್ ಮನಸ್ಸು ಬದಲಿಸಿತು. ನವೆಂಬರ್ ಮಧ್ಯದ ಹೊತ್ತಿಗೆ ಶೇ. 25ರ ನಿಯಮ ವಾಪಸ್ ಬಂತು. 2012ರಲ್ಲಿ ರೆವೆಲ್ ಎಂಬ ಕ್ಯಾಸಿನೊ ತಾನಾಗಿಯೇ ಹೊಗೆ ಇಲ್ಲದೆ ಶುರುವಾಯಿತು. ವ್ಯಾಪಾರ ಸಾಲದೆ ಮರುವರ್ಷ ಸಿಗರೇಟಿಗೆ ಅವಕಾಶ ಕೊಟ್ಟಿತು. 2014ರಲ್ಲಿ ಮುಚ್ಚಿತು. ನಿಷೇಧ ಬೇಡ ಅನ್ನುವವರು ಮೊದಲ ಅರ್ಧ ಕಥೆಯನ್ನೇ ಜಾಸ್ತಿ ಹೇಳುತ್ತಾರೆ. ಆದರೆ ಸಿಗರೇಟಿಗೆ ಅವಕಾಶ ಕೊಟ್ಟ ಮೇಲೂ ರೆವೆಲ್ ಉಳಿಯಲಿಲ್ಲ. ಆ ವರ್ಷ ಹೊಗೆ ಇದ್ದ ಇನ್ನೂ ಮೂರು ಕ್ಯಾಸಿನೊಗಳು ಮುಚ್ಚಿದವು.

ಎರಡನೇ ನಿಷೇಧ ತಂದಿದ್ದು ಕೊರೊನಾ. 2020ರ ಜುಲೈನಲ್ಲಿ ಕ್ಯಾಸಿನೊಗಳು ಮತ್ತೆ ತೆರೆದಾಗ ಒಳಗೆ ಸೇದುವ ಹಾಗಿರಲಿಲ್ಲ. ಸುಮಾರು ಒಂದು ವರ್ಷ ಡೀಲರ್‌ಗಳು ಒಳ್ಳೆಯ ಗಾಳಿಯಲ್ಲಿ ಕೆಲಸ ಮಾಡಿದರು. ನನ್ನ ಪ್ರಕಾರ ಇಡೀ ಕಥೆ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಹೊಗೆ ಅಂದರೆ ಈ ಕೆಲಸದ ಜೊತೆಗೇ ಬರುವ ಕಷ್ಟ ಎಂದು ಸುಮ್ನೆ ಇದ್ದವರಿಗೆ, ಅದಿಲ್ಲದೆಯೂ ಕೆಲಸ ನಡೆಯುತ್ತದೆ ಎಂದು ಗೊತ್ತಾಯಿತು. 2021ರ ಜುಲೈ 4ರಂದು ಆಶ್‌ಟ್ರೇಗಳು ಮತ್ತೆ ಟೇಬಲ್‌ಗೆ ಬಂದವು. ನೌಕರರು ಹೊಗೆಯ ವಿರುದ್ಧ ಸೀಸ್ ಎಂಬ ಗುಂಪು ಕಟ್ಟಿಕೊಂಡರು.

ಆದರೆ ಕೆಲಸಗಾರರಲ್ಲೇ ಒಮ್ಮತವಿಲ್ಲ. ಹೋಟೆಲ್ ಸಿಬ್ಬಂದಿಯ ದೊಡ್ಡ ಯೂನಿಯನ್ ಲೋಕಲ್ 54, ಗಿರಾಕಿ ಕಡಿಮೆಯಾದರೆ ನೌಕರಿ ಹೋಗುತ್ತದೆ ಎಂದು ನಿಷೇಧವನ್ನು ವಿರೋಧಿಸಿತು. ಕೆಲವು ಕ್ಯಾಸಿನೊಗಳ ಡೀಲರ್‌ಗಳ ಯೂನಿಯನ್ ಯುಎಡಬ್ಲ್ಯೂ ನಿಷೇಧದ ಪರ ನಿಂತಿತು. 2,500ರಷ್ಟು ಕೆಲಸ ಹೋಗಬಹುದು ಎಂದು 2021ರ ಒಂದು ಲೆಕ್ಕ ಹೇಳಿತು. ಆದಾಯಕ್ಕೆ ದೊಡ್ಡ ಪೆಟ್ಟೇನೂ ಬೀಳುವುದಿಲ್ಲ ಎಂದು ಮರುವರ್ಷದ ಇನ್ನೊಂದು ಲೆಕ್ಕ ಹೇಳಿತು. ಕೆಲಸ ಹೋಗುವ ಭಯವನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಎರಡೂ ಲೆಕ್ಕ ಮುಖ್ಯವಾಗಿ ದುಡ್ಡಿನದು, ಶ್ವಾಸಕೋಶದ್ದಲ್ಲ.

ರಾಜ್ಯದ ವಿಧಾನಮಂಡಲದಲ್ಲಿ ನಿಷೇಧದ ಮಸೂದೆಗೆ ಬೆಂಬಲಿಗರು ಬಹಳ ಇದ್ದರು. ಬಂದರೆ ಸಹಿ ಹಾಕುತ್ತೇನೆ ಎಂದು ಆಗಿನ ಗವರ್ನರ್ ಫಿಲ್ ಮರ್ಫಿ ಹೇಳಿದ್ದರು. ಆದರೂ ಅದು ವರ್ಷಗಟ್ಟಲೆ ಕೊಳೆಯಿತು. 2023ರ ಡಿಸೆಂಬರ್‌ನಲ್ಲಿ ಮತ ಮತ್ತೆ ಮುಂದಕ್ಕೆ ಹೋದಾಗ, ಯುಎಡಬ್ಲ್ಯೂ ಸದಸ್ಯರು ಸಭೆಯ ಕೋಣೆಯಲ್ಲೇ ಸಿಗರೇಟ್ ಹಚ್ಚಿದರು. ಇಲ್ಲಿ ಸೇದುವ ಹಾಗಿಲ್ಲ ಎಂದು ಅವರನ್ನು ಹೊರಗೆ ಕಳಿಸಲಾಯಿತು. ಶಾಸಕರ ಕೆಲಸದ ಜಾಗಕ್ಕೆ 2006ರ ಕಾಯ್ದೆಯ ರಕ್ಷಣೆ ಇದೆ.

2024ರ ಏಪ್ರಿಲ್‌ನಲ್ಲಿ ಡೀಲರ್‌ಗಳು ಕೋರ್ಟಿಗೆ ಹೋದರು. ಎಲ್ಲ ಕೆಲಸಗಾರರಿಗೂ ಇರುವ ರಕ್ಷಣೆ ನಮಗೊಬ್ಬರಿಗೆ ಯಾಕಿಲ್ಲ ಎಂದು ಕೇಳಿದರು. ಆಗಸ್ಟ್‌ನಲ್ಲಿ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ರಾಜ್ಯದ ಸಂವಿಧಾನ ಕೊಡುವುದು ಸುರಕ್ಷತೆಯನ್ನು ಅರಸುವ ಹಕ್ಕನ್ನು, ಸುರಕ್ಷತೆಯ ಹಕ್ಕನ್ನಲ್ಲ ಎಂಬುದು ನ್ಯಾಯಾಧೀಶರ ವಾದ. ಡೀಲರ್‌ಗಳು ಮೇಲ್ಮನವಿ ಹಾಕಿದರು, ಮತ್ತೆ ತಮ್ಮ ಪಾಳಿಗೆ ಹೋಗಿ ಅದೇ ಟೇಬಲ್‌ಗಳ ಹಿಂದೆ ನಿಂತರು.