ತರಗು ಬೆಂಕಿ ನಿಂತ ಮೇಲೆ

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆ ಕಾಡಿಗೆ ಹಾಕುತ್ತಿದ್ದ ಬೆಂಕಿಯನ್ನು ತರಗು ಬೆಂಕಿ ಎನ್ನುತ್ತಾರೆ. ಸುಡುತ್ತಿದ್ದುದು ತರಗೆಲೆ, ಒಣಹುಲ್ಲು, ಅಷ್ಟೆ. ಕಾಡ್ಗಿಚ್ಚಿಗೂ ಇದಕ್ಕೂ ಇರುವ ಅಂತರ ಬಹುಮಟ್ಟಿಗೆ ಕಾಲದ್ದು. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರತೊಡಗಿದ್ದರೂ ನೆಲದ ಪಸೆ ಆರಿರುವುದಿಲ್ಲ, ರಾತ್ರಿ ಇಬ್ಬನಿಯೂ ಬೀಳುತ್ತದೆ. ಆಗ ಹಚ್ಚಿದ ಬೆಂಕಿ ನೆಲ ಸವರಿಕೊಂಡು ಹೋಗಿ, ಹಸಿ ಜಾಗ ಸಿಕ್ಕಲ್ಲಿ ತಾನೇ ಆರುತ್ತದೆ. ಮಾರ್ಚ್ ಕೊನೆಗೆ ಹಚ್ಚಿದರೆ ಯಾರ ಮಾತನ್ನೂ ಕೇಳುವುದಿಲ್ಲ.

ಬೆಂಕಿ ಏಕೆಂದು ಹಿರಿಯ ಸೋಲಿಗರನ್ನು ಕೇಳಿದರೆ ಹತ್ತು ಕಾರಣ ಹೇಳುತ್ತಾರೆ: ಎಳೆ ಹುಲ್ಲು ಬರುತ್ತದೆ, ರಕ್ತ ಹೀರುವ ಉಣ್ಣೆ ಹುಳು ಸಾಯುತ್ತದೆ, ಆನೆ ದೂರದಿಂದಲೇ ಕಾಣುತ್ತದೆ. ನೆಲ್ಲಿ ಮರಕ್ಕೆ ಅಂಟಿ ಅದನ್ನು ಒಣಗಿಸುವ ಬಂದಣಿಕೆಯೂ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ.

1972ರ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ, ಸುಟ್ಟು ಬಿತ್ತುವ ಬೇಸಾಯಗಳ ಜೊತೆಗೆ ಬೆಂಕಿಯೂ ಅಪರಾಧವಾಯಿತು. ಆಮೇಲೆ ಹೊರನಾಡಿನಿಂದ ಬಂದ ಪೊದೆಗಿಡ ಲಂಟಾನ ಹಬ್ಬಿತು. 1997ರಿಂದ 2008ರೊಳಗೆ ಅದು ಕಾಣಿಸಿಕೊಂಡ ಅಧ್ಯಯನ ತಾಕುಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ತರಗು ಬೆಂಕಿ ಲಂಟಾನದ ಸಸಿಗಳನ್ನು ಎಳೆಯದರಲ್ಲೇ ಕೊಲ್ಲುತ್ತಿತ್ತು ಎಂಬುದು ಸೋಲಿಗರ ವಾದ. ನಿಷೇಧವೊಂದೇ ಕಾರಣ ಎಂದು ನಾನು ಹೇಳಲಾರೆ, ಆದರೆ ಈ ವಾದದಲ್ಲಿ ಹುರುಳಿದೆ.

ಹಾಗಾದರೆ ನಾಳೆಯಿಂದಲೇ ಬೆಂಕಿ ಹಾಕಲು ಬಿಡೋಣವೇ? ಅವಸರ ಬೇಡ. ಆಳೆತ್ತರ ಬೆಳೆದ ಲಂಟಾನಕ್ಕೆ ಈಗ ಕಡ್ಡಿ ಗೀರಿದರೆ ಉರಿ ಏಣಿ ಹತ್ತಿದಂತೆ ಮರದ ನೆತ್ತಿಗೇರುತ್ತದೆ. ಮರ ಸತ್ತೀತು, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. ಮೊದಲು ಅದನ್ನು ಬೇರುಬುಡ ಸಹಿತ ತೆಗೆಯಬೇಕು, ಆಮೇಲೆ ಹುಟ್ಟುವ ಸಸಿಗಳನ್ನು ಕೆಲವು ವರ್ಷ ಕೀಳುತ್ತಿರಬೇಕು. ಹುಲ್ಲು ಮರಳಿದ ಮೇಲೆ ಸಣ್ಣ ಸಣ್ಣ ತುಂಡುಗಳಲ್ಲಿ, ಜನವರಿಯಲ್ಲೇ, ಕಾಡು ಬಲ್ಲ ಸೋಲಿಗರ ಕೈಯಲ್ಲಿ ಬೆಂಕಿ. ಪ್ರತಿ ವರ್ಷ ಅದೇ ಜಾಗ ಸುಡಬಾರದು. ಸುಟ್ಟರೆ ಮರದ ಸಸಿಗಳು ಮೇಲೇಳುವುದೇ ಇಲ್ಲ ಎಂಬ ಅರಣ್ಯಾಧಿಕಾರಿಗಳ ಆತಂಕ ಸುಳ್ಳಲ್ಲ.

ತೊಡಕು ಕಾನೂನಿನದು. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ಸಿಕ್ಕಿತು. ಕಾಡು ಕಾಯುವ ಅಧಿಕಾರ ಅದರಲ್ಲೇ ಇದೆ. ವನ್ಯಜೀವಿ ಕಾಯ್ದೆಯ 30ನೇ ಕಲಂ ಮಾತ್ರ ಅಭಯಾರಣ್ಯಕ್ಕೆ ಬೆಂಕಿ ಇಡುವುದನ್ನು ಇಂದಿಗೂ ನಿಷೇಧಿಸುತ್ತದೆ. ಇತ್ತ ಬೇಸಿಗೆಗೆ ಮುಂಚೆ ಬೆಂಕಿರೇಖೆ, ಅಂದರೆ ಕಾಡ್ಗಿಚ್ಚು ದಾಟದಂತೆ ಬಿಡುವ ಬೋಳು ಪಟ್ಟಿ, ಸವರಿ ಸುಡುವುದು ಅರಣ್ಯ ಇಲಾಖೆಯದೇ ವಾಡಿಕೆ. ಆ ಕೆಲಸದ ಕೂಲಿಗೆ ಕರೆಯುವುದು ಕಾಡಂಚಿನ ಆದಿವಾಸಿಗಳನ್ನೇ.