ಧೂಳು ಅಳೆಯುವ ದಿನ ನೆಲ ತೊಳೆಯಬೇಡಿ

ಜಿಗಣಿ ಕಡೆಯ ಗ್ರಾನೈಟ್ ಘಟಕಗಳಿಗೆ ಕಲ್ಲು ಉಜ್ಜುವಾಗ ಏಳುವ ಸಿಲಿಕಾ ಧೂಳು ಅಳೆಯಲು ಹೋದರೆ, ಆ ದಿನ ನೆಲ ತೊಳೆದಿರುತ್ತಾರೆ. ಒಣ ಗ್ರೈಂಡರ್ ಬಂದ್. ಗಾಳಿ ಎಳೆದು ಧೂಳನ್ನು ಫಿಲ್ಟರಿನಲ್ಲಿ ಹಿಡಿಯುವ ನನ್ನ ಪಂಪಿಗೆ ಮಾಲೀಕರು ಒಂದು ಕಂಬ ತೋರಿಸಿ, "ಪಂಪ್ ಇಲ್ಲಿಡಿ ಸರ್, ಯಾರಿಗೂ ಅಡ್ಡ ಆಗಲ್ಲ" ಅನ್ನುತ್ತಾರೆ.

ಕಂಬದ ಹತ್ತಿರದ ಗಾಳಿ ಕಟ್ಟಿಕೊಂಡು ಏನು ಮಾಡಲಿ? ಬೇಕಾದದ್ದು ಕಲ್ಲಿನ ಅಂಚು ಉಜ್ಜುವವನ ಮೂಗಿನ ಸುತ್ತ ಒಂದಡಿಯೊಳಗಿನ ಗಾಳಿ. ಅವನು ಗ್ರೈಂಡರ್ ಮೇಲೆ ಬಗ್ಗಿರುತ್ತಾನೆ, ಧೂಳು ನೇರ ಮುಖಕ್ಕೇ ಬರುತ್ತದೆ. ಕಂಬದ ತನಕ ಹೋಗುವಷ್ಟರಲ್ಲಿ ಅದು ಚದುರಿರುತ್ತದೆ. ಅದಕ್ಕೇ ಪಂಪ್ ಅವನ ಸೊಂಟಕ್ಕೆ, ಫಿಲ್ಟರ್ ಅವನ ಕಾಲರಿಗೆ, ಇಡೀ ಪಾಳಿ. ಮಾಸ್ಕ್ ಹಾಕಿದ್ದರೂ ಫಿಲ್ಟರ್ ಹೊರಗೇ ಇರಬೇಕು. ಮಾಸ್ಕಿನಾಚೆ ಎಷ್ಟಿದೆ ಅಂತ ಗೊತ್ತಾಗದೆ ಯಾವ ಮಾಸ್ಕ್ ಸಾಕು ಅಂತ ಹೇಳುವುದು ಹೇಗೆ?

ಒಂದು ಕಡೆ ಮಧ್ಯಾಹ್ನ ನೋಡಿದರೆ ಪಂಪ್ ಫ್ಯಾನ್ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಬೆಲ್ಟ್ ಎಳೆಯುತ್ತಿದೆ ಅಂದನಂತೆ ಹುಡುಗ, ಸೂಪರ್‌ವೈಸರ್ ಬಿಚ್ಚಿಸಿದ್ದರು. ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಚಪ್ಪಡಿ ಎತ್ತುವವನಿಗೆ ಅದು ನಿಜಕ್ಕೂ ತೊಡಕು. ಆ ಸ್ಯಾಂಪಲ್ ಬಿಸಾಡಿ, ಅಗಲದ ಬೆಲ್ಟ್ ಕೊಟ್ಟು ಮತ್ತೆ ಅಳೆದೆ.

ಯಾಕಿಷ್ಟು ಹಟ? ಅಮೆರಿಕ 2016ರಲ್ಲಿ ಇಟ್ಟ ಮಿತಿಯನ್ನೇ ತೆಗೆದುಕೊಳ್ಳಿ: 8 ಗಂಟೆಯ ಸರಾಸರಿ, ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ನಿಮಿಷಕ್ಕೆ 1.7 ಲೀಟರ್ ಎಳೆಯುವ ಪಂಪ್ 8 ಗಂಟೆಯಲ್ಲಿ 816 ಲೀಟರ್ ಎಳೆಯುತ್ತದೆ. ಆ ಮಿತಿ ಮುಟ್ಟಿದಾಗಲೂ ಫಿಲ್ಟರ್ ಮೇಲೆ ಇರುವ ಸಿಲಿಕಾ ಸುಮಾರು 41 ಮೈಕ್ರೋಗ್ರಾಂ, ಒಂದು ಪುಡಿಯುಪ್ಪಿನ ಹರಳಿನಷ್ಟೂ ಇಲ್ಲ! ಫಿಲ್ಟರಿನ ಕೆಳಗೆ ದಪ್ಪ ಧೂಳನ್ನು ಬೇರೆ ಮಾಡುವ ಪುಟ್ಟ ಸಾಧನ ಸೈಕ್ಲೋನ್. ಅದನ್ನು ಯಾರಾದರೂ ಸುಮ್ನೆ ತಲೆಕೆಳಗು ಮಾಡಿದರೂ ಸಾಕು, ತಳದ ದಪ್ಪ ಧೂಳು ಫಿಲ್ಟರ್ ಮೇಲೆ ಬಿದ್ದು ಲೆಕ್ಕ ಕೆಡುತ್ತದೆ.

ಒಂದು ದಿನದ ಅಳತೆಯಿಂದ ಎಲ್ಲ ಹೇಳಲಾಗದು, ಅದೂ ನಿಜ. ಕಲ್ಲು ಬದಲಾದರೆ ಧೂಳೂ ಬದಲು. ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಸಿಲಿಕಾ ಜಾಸ್ತಿ, ಚಾಮರಾಜನಗರದ ಕಪ್ಪು ಕಲ್ಲಿನಲ್ಲಿ ಕಡಿಮೆ. ಹಾಗಾಗಿ ಆ ದಿನ ಯಾವ ಕಲ್ಲು ಓಡುತ್ತಿತ್ತು ಅಂತ ಬರೆದಿಡುತ್ತೇನೆ.

ಅಂಕಿ ಜಾಸ್ತಿ ಬಂದರೆ ತೊಂದರೆ ಅಂತ ಮಾಲೀಕರಿಗೆ ಹೆದರಿಕೆ, ಅಲ್ವಾ? ಆದರೆ ಈ ಧೂಳಿನಿಂದ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ ರೋಗ ಬಂದಮೇಲೆ ವಾಸಿ ಮಾಡುವ ಮದ್ದಿಲ್ಲ. ಅಂಕಿ ಜಾಸ್ತಿ ಬಂದ ಜಾಗದಲ್ಲಿ ಗ್ರೈಂಡರಿಗೆ ನೀರಿನ ಪೈಪ್ ಜೋಡಿಸಬಹುದು, ಧೂಳು ಎಳೆಯುವ ಹುಡ್ ಕೂರಿಸಬಹುದು. ಆಮೇಲೆ ಅದೇ ಕೆಲಸಗಾರನಿಗೆ ಪಂಪ್ ಕಟ್ಟಿ ಇನ್ನೊಮ್ಮೆ ಅಳೆಯೋಣ.