ಪದ ಪರಿಚಯ: ಅರ್ಧ ತಲೆಯ ಪರೀಕ್ಷೆ

"ಈಗ ನೋಡು, ಸ್ವಲ್ಪ ದಟ್ಟ ಆಗಿದೆ ಅಲ್ವಾ ಮಾರಾಯ?" ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಭಾವ ತಲೆ ಬಗ್ಗಿಸಿ ತೋರಿಸಿದರು. ಕೂದಲು ಬೆಳೆಯಲೆಂದು ನೆತ್ತಿಗೆ ಚುಚ್ಚುವ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ) ಇಂಜೆಕ್ಷನ್ ಮೂರು ಸಲ ಆಗಿತ್ತು. ನನಗೆ ನೆತ್ತಿ ಮೊದಲಿನ ಹಾಗೇ ಕಂಡಿತು. ಆದರೂ "ಹೌದು ಭಾವ" ಎಂದೆ. ದುಡ್ಡು ಕೊಟ್ಟು ಚುಚ್ಚಿಸಿಕೊಂಡವರ ಕಣ್ಣನ್ನೂ ನಂಬುವ ಹಾಗಿಲ್ಲ, ಮನೆಯವರ ಮಾತನ್ನೂ ನಂಬುವ ಹಾಗಿಲ್ಲ.

ಅದಕ್ಕೇ ಅರ್ಧ ತಲೆಯ ಪರೀಕ್ಷೆ. ಒಬ್ಬನದೇ ತಲೆಯ ಒಂದು ಬದಿಗೆ ಔಷಧಿ, ಇನ್ನೊಂದು ಬದಿಗೆ ಬರೀ ಉಪ್ಪುನೀರು, ಅಂದರೆ ಸಲೈನ್. ಯಾವ ಬದಿಗೆ ಯಾವುದು ಎನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ.

ಪಿಆರ್‌ಪಿಗೆ ನಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಮೇಲಿನ ಹಳದಿ ದ್ರವದಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗ ನೆತ್ತಿಗೆ. ಉಪ್ಪುನೀರಿಗೋ ಬಣ್ಣವೇ ಇಲ್ಲ. ಸಿರಿಂಜ್ ಕಂಡರೆ ಗುಟ್ಟು ರಟ್ಟು! ಹಾಗಾಗಿ ಅದಕ್ಕೆ ಟೇಪ್ ಸುತ್ತಿ ಮುಚ್ಚುವುದೂ ಉಂಟು.

ನಮ್ಮಲ್ಲಿ ಕೂದಲು ಉದುರಿದರೆ ಮೊದಲ ಬೈಗುಳ ಬೋರ್‌ವೆಲ್ ನೀರಿಗೆ, ಆಮೇಲೆ ಹೆಲ್ಮೆಟ್ಟಿಗೆ. (ಗಂಡಸರ ಬೊಕ್ಕತಲೆಗೆ ಮುಖ್ಯ ಕಾರಣ ವಂಶ, ಜೊತೆಗೆ ಕೂದಲ ಬುಡವನ್ನು ಸಣ್ಣ ಮಾಡುತ್ತಾ ಹೋಗುವ ಡಿಎಚ್‌ಟಿ ಹಾರ್ಮೋನು. ಪಾಪ, ಹೆಲ್ಮೆಟ್!) ಈ ಪರೀಕ್ಷೆಯಲ್ಲಿ ನೀರು, ಹೆಲ್ಮೆಟ್, ವಯಸ್ಸು, ವಂಶ ಎಲ್ಲ ಎರಡೂ ಬದಿಗೆ ಒಂದೇ. ಸೂಜಿಯೂ ಒಂದೇ. ಬರೀ ಚುಚ್ಚಿದ್ದಕ್ಕೇ ಕೂದಲ ಬುಡ ಚುರುಕಾಗಬಹುದು ಎಂಬ ಅನುಮಾನ ಇರುವುದರಿಂದ ಇದು ಸಣ್ಣ ಮಾತಲ್ಲ.

ಎಣಿಕೆ ಇನ್ನೂ ಮಜಾ. ಕೂದಲು ತೆಳುವಾದ ಕಡೆ ಒಂದು ಪುಟ್ಟ ಹಚ್ಚೆ ಚುಕ್ಕಿ ಇಡುತ್ತಾರೆ. ಅದರ ಸುತ್ತ 1 ಚದರ ಸೆಂ.ಮೀ. ಜಾಗದ ಕೂದಲು ಚಿಕ್ಕದಾಗಿ ಕತ್ತರಿಸಿ, ದೊಡ್ಡದಾಗಿ ಕಾಣುವ ಫೋಟೊ ತೆಗೆದು, ಒಂದೊಂದೇ ಎಣಿಸುತ್ತಾರೆ. ಕೆಲವು ತಿಂಗಳ ಮೇಲೆ ಅದೇ ಚುಕ್ಕಿ ಹುಡುಕಿ ಮತ್ತೆ ಎಣಿಕೆ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂ.ಮೀ., ಅವಸರ ಮಾಡಿ ಫಲವಿಲ್ಲ. ಎಣಿಸುವವರಿಗೂ ಯಾವ ಬದಿ ಯಾವುದೆಂದು ಗೊತ್ತಿರಬಾರದು.

"ಅರ್ಧಕ್ಕೆ ಉಪ್ಪುನೀರಾ? ಹಾಗಾದರೆ ದುಡ್ಡೂ ಅರ್ಧವಾ?" ಎಂದರು ಭಾವ.

ತೊಂದರೆಯೂ ಇದೆ. ಔಷಧಿ ನಡುನೆತ್ತಿ ದಾಟಿ ಆಚೆ ಹರಡಿದರೆ ಎರಡು ಬದಿಗೂ ವ್ಯತ್ಯಾಸ ಕಮ್ಮಿ ಕಾಣುತ್ತದೆ. ಎಷ್ಟು ರಕ್ತ, ಎಷ್ಟು ಹೊತ್ತು ತಿರುಗಿಸಿದ್ದು ಎನ್ನುವುದೂ ಒಂದೊಂದು ಕಡೆ ಒಂದೊಂದು ತರಹ. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ತಾಳೆ ಬೀಳದಿರಲು ಅದೂ ಒಂದು ಕಾರಣ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್‌ನಂಥ ಮಾತ್ರೆಗಂತೂ ಈ ಉಪಾಯ ನಡೆಯುವುದೇ ಇಲ್ಲ. ನುಂಗಿದ ಮಾತ್ರೆಗೆ ಎಡ ಬಲ ಗೊತ್ತಾಗಬೇಕಲ್ಲ.